ಐದು, ಸೊನ್ನೆ, ಮೂರು

ನಮ್ಮ ಕಡೆ ಕಂದಾಯ ಅನ್ನುವ ಮಾತಿಗೆ ಎರಡು ಅರ್ಥ. ಸರ್ಕಾರಕ್ಕೆ ಕಟ್ಟುವ ತೆರಿಗೆಯೂ ಕಂದಾಯ. ವರ್ಷವನ್ನು ನಾಲ್ಕು ನಾಲ್ಕು ತಿಂಗಳಿನ ಮೂರು ಪಾಲು ಮಾಡಿದರೆ ಒಂದೊಂದು ಪಾಲೂ ಕಂದಾಯ. ಯುಗಾದಿಗೆ ಕೊಳ್ಳುವ ಪಂಚಾಂಗದಲ್ಲಿ ಪ್ರತಿಯೊಂದು ನಕ್ಷತ್ರದ ಮುಂದೆ ಮೂರು ಕಂದಾಯಕ್ಕೆ ಮೂರು ಅಂಕಿ ಹಾಕಿರುತ್ತಾರೆ. ಬೆಸ ಅಂಕಿ ಬಂದರೆ ಲಾಭ, ಸರಿ ಅಂಕಿ ಬಂದರೆ ಸಮಾಸಮ, ಸೊನ್ನೆ ಬಂದರೆ ಆ ನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡು ಇರಬೇಕು. ಈ ಎರಡು ಅರ್ಥಗಳ ನಡುವೆ ಸಿಕ್ಕಿಕೊಂಡು ನಾನು ನನ್ನ ಮಗ್ಗವನ್ನೇ ಕಳೆದುಕೊಳ್ಳುವುದರಲ್ಲಿದ್ದೆ. ತಪ್ಪು ಬರೆದವನು ನಾನೇ ಆದ್ದರಿಂದ ಇನ್ನೊಬ್ಬರನ್ನು ಬೈಯುವ ಹಾಗಿರಲಿಲ್ಲ. ಆದರೂ ಬೈದೆ.

ಅದು ಎರಡನೆಯ ಮಹಾಯುದ್ಧದ ಕಾಲ. ರಾಜಘಟ್ಟದಲ್ಲಿ ನಮ್ಮದು ಬೇಸಾಯದ ಮನೆ. ಇದ್ದ ಹೊಲ ಇಬ್ಬರು ಗಂಡುಮಕ್ಕಳಿಗೆ ಸಾಲದು ಅಂತ ಅದು ಅಣ್ಣನಿಗೆ ಉಳಿಯಿತು. ನಾನು ಹದಿನಾರನೆಯ ವಯಸ್ಸಿಗೆ ಪೇಟೆಗೆ ಬಂದು ಒಬ್ಬ ಸಾಹುಕಾರರ ಹತ್ತಿರ ಕೂಲಿಗೆ ನೇಯುವುದನ್ನು ಕಲಿತೆ. ಅವರ ಹತ್ತು ಮಗ್ಗಗಳಲ್ಲಿ ಬಾಗಿಲ ಪಕ್ಕದ್ದು ನನ್ನದು. ನನ್ನದು ಅಂತ ಬಾಯಲ್ಲಿ ಹೇಳುತ್ತಿದ್ದೆನೇ ಹೊರತು ಅದರ ಒಂದು ಗೂಟವೂ ನನ್ನದಾಗಿರಲಿಲ್ಲ. ಹಾಗೆ ಏಳು ವರ್ಷ ನೇಯ್ದೆ.

ಒಂದು ದಿನ ಸೀರೆಯ ಅಂಚಿನಲ್ಲಿ ಎಳೆ ತಪ್ಪಿದೆ ಅಂತ ಸಾಹುಕಾರರು ಕೂಲಿ ಮುರಿದುಕೊಂಡರು. ಎರಡು ಎಳೆ ತಪ್ಪಿದ್ದು ನಿಜ. ಕೂಲಿ ಮುರಿದದ್ದಕ್ಕೆ ನನಗೆ ಬೇಸರವಾಗಲಿಲ್ಲ. ಆದರೆ ಅವರು ಆ ಸೀರೆಯನ್ನು ಎಲ್ಲರೆದುರು ಎತ್ತಿ ಹಿಡಿದು, "ನೇಗ್ಲು ಹಿಡಿಯೋ ಕೈಗೆ ಲಾಳಿ ಕೊಟ್ರೆ ಹಿಂಗೇ ಆಗೋದು" ಅಂದರು. ನನ್ನ ಕೋಪ ಆ ಕಾಲಕ್ಕೆ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಕೈಯಲ್ಲಿದ್ದ ಲಾಳಿಯನ್ನು ಕೆಳಗಿಟ್ಟೆ.

"ನಿಮ್ ಮಗ್ಗ ನೀವೇ ಇಟ್ಕೊಳ್ಳಿ. ನಾನು ಸ್ವಂತ ಹಾಕ್ಕೊಳ್ತೀನಿ."

ಅವರು ರೇಗಲಿಲ್ಲ, ನಗಲೂ ಇಲ್ಲ. ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ತಳ್ಳಿ, "ಹಾಕ್ಕೊಳಪ್ಪ. ಮೂರು ಕಂದಾಯ ಕಳೆಯೋದ್ರೊಳಗೆ ಇದೇ ಬಾಗ್ಲಿಗೆ ಬರ್ತೀಯ" ಅಂದರು. ಮೂರು ಕಂದಾಯ ಅಂದರೆ ಒಂದು ವರ್ಷ. ಆ ಮಾತು ನನ್ನ ಕಿವಿಯಲ್ಲಿ ಉಳಿದುಬಿಟ್ಟಿತು.

ಕೂಡಿಟ್ಟಿದ್ದನ್ನೆಲ್ಲ ಸುರಿದು ಒಂದು ಹಳೆಯ ಗುಂಡಿ ಮಗ್ಗ ಕೊಂಡೆ. ಅದಕ್ಕೆ ನೆಲದಲ್ಲಿ ಗುಂಡಿ ತೋಡಬೇಕು, ನೇಯುವವನು ಅದರೊಳಗೆ ಕಾಲು ಇಳಿಬಿಟ್ಟು ಕೂರಬೇಕು. ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ನಾನೇ ಗುಂಡಿ ತೋಡಿದೆ. ಖಾಲಿ ಮಾಡುವ ದಿನ ಮುಚ್ಚಿಕೊಟ್ಟು ಹೋಗಬೇಕು ಅಂತ ಮನೆಯ ಯಜಮಾನರು ಷರತ್ತು ಹಾಕಿದರು. ನೂಲು ಸುತ್ತಿಕೊಡಲು ಅವ್ವ ರಾಜಘಟ್ಟದಿಂದ ಬಂದಳು. ಬರುವಾಗ ರಾಟೆಯ ಜೊತೆಗೆ ಒಂದು ಮೂಟೆ ರಾಗಿಯನ್ನೂ ಗಾದೆಗಳ ದೊಡ್ಡದೊಂದು ಗಂಟನ್ನೂ ತಂದಳು. "ಕೋಪದಲ್ಲಿ ಕೊಯ್ದ ಮೂಗು ಶಾಂತವಾದ್ಮೇಲೆ ಬರ್ತದಾ?" ಅನ್ನುವುದು ಆ ಗಂಟಿನಿಂದ ಮೊದಲು ಹೊರಬಂತು.

ಅವ್ವನಿಗೆ ಓದು ಬರಹ ಇಲ್ಲ. ಆದರೆ ಒಂದು ಸಲ ಕಿವಿಗೆ ಬಿದ್ದದ್ದು ಮರೆತುಹೋಯಿತು ಅನ್ನುವುದೇ ಇರಲಿಲ್ಲ. ಯುಗಾದಿಯ ದಿನ ಗುಡಿಯಲ್ಲಿ ಪಂಚಾಂಗ ಓದುವುದನ್ನು ಕೇಳಿ ಬಂದಳೆಂದರೆ ಮಕ್ಕಳು, ಸೊಸೆ, ಅಳಿಯ, ತವರಿನವರು ಎಲ್ಲರ ನಕ್ಷತ್ರದ ಅಂಕಿಗಳನ್ನೂ ವರ್ಷವಿಡೀ ಒಪ್ಪಿಸುತ್ತಿದ್ದಳು. ಹಾಗಿದ್ದರೂ ಪ್ರತಿ ವರ್ಷ ಒಂದು ಪಂಚಾಂಗ ಕೊಂಡು, ಅರಿಸಿನ ಕುಂಕುಮ ಹಚ್ಚಿ, ದೇವರ ಗೂಡಿನಲ್ಲಿ ಇಡುತ್ತಿದ್ದಳು. ನಾನು ಗೇಲಿ ಮಾಡುತ್ತೇನೆ ಅಂತ ಅದನ್ನು ನನ್ನ ಕೈಯಲ್ಲಿ ಓದಿಸುತ್ತಿರಲಿಲ್ಲ.

ಆ ಯುಗಾದಿಯಂದು ನಾನು ಗುಂಡಿಯಲ್ಲಿ ಕೂತು ಹೊಸ ಹಾಸಿನ ಎಳೆ ಕಟ್ಟುತ್ತಿದ್ದೆ. ಅವ್ವ ಗುಡಿಯಿಂದ ಬಂದವಳೇ ನನ್ನ ನಕ್ಷತ್ರದ ಫಲ ಹೇಳತೊಡಗಿದಳು. ನನ್ನ ಗಮನ ಎಳೆಯ ಮೇಲಿತ್ತು. ಕೊನೆಗೆ ಕೇಳಿಸಿದ್ದು ಇಷ್ಟು: "ನಡುವಿನ ಕಂದಾಯ ಸೊನ್ನೆ ಕಣಪ್ಪ. ಶ್ರಾವಣದಿಂದ ಕಾರ್ತಿಕದ ತನಕ ಯಾರಿಗೂ ಮಾತು ಕೊಡ್ಬೇಡ."

"ಅಂಕಿ ನೇಯ್ತದಾ ಅವ್ವ? ನೇಯೋದು ಕೈ" ಅಂದೆ.

ತಿಂಗಳು ಕಳೆದಿರಲಿಲ್ಲ, ಪುರಸಭೆಯ ಬಿಲ್ ಕಲೆಕ್ಟರು ಕಂಕುಳಲ್ಲಿ ಕೊಡೆ, ಹೆಗಲಿಗೆ ಚೀಲ ಹಾಕಿಕೊಂಡು ಬಂದರು. ಕಸುಬಿನ ತೆರಿಗೆ ಎಂಟು ರೂಪಾಯಿ, ಒಂದೇ ಗಂಟಿನಲ್ಲಿ ಕಟ್ಟಬೇಕು ಅಂದರು. ಅಂಥದ್ದೊಂದು ತೆರಿಗೆ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಕೂಲಿಯವನಾಗಿದ್ದಷ್ಟು ದಿನ ಅದನ್ನು ಸಾಹುಕಾರರು ಕಟ್ಟುತ್ತಿದ್ದರು. ಅವರು ನನ್ನ ತಲೆಯ ಮೇಲೆ ಹಿಡಿದಿದ್ದ ಈ ಕೊಡೆ ಕಾಣಿಸಿದ್ದು ಅದರ ಕೆಳಗಿನಿಂದ ಹೊರಗೆ ಬಂದ ಮೇಲೆ. ಎಂಟು ರೂಪಾಯಿ ಆಗ ನನಗೆ ದೊಡ್ಡ ಮೊತ್ತ. ಇದ್ದದ್ದೆಲ್ಲ ಮಗ್ಗಕ್ಕೂ ನೂಲಿಗೂ ಹೋಗಿತ್ತು, ಮೊದಲ ಸೀರೆಗಳಿನ್ನೂ ಮಾರಾಟವಾಗಿರಲಿಲ್ಲ.

ಅವ್ವ ರಾಟೆ ನಿಲ್ಲಿಸಿ ಕೇಳಿದಳು. "ಭೂಮಿಗೆ ಕಂದಾಯ ಕಟ್ಟೋದು ಗೊತ್ತು. ಗುಂಡಿಗೂ ಕಂದಾಯ ಐತಾ?"

"ಗುಂಡಿಗಲ್ಲಮ್ಮ, ಗುಂಡೀಲಿ ಕೂತಿರೋನಿಗೆ" ಅಂದರು ಬಿಲ್ ಕಲೆಕ್ಟರು. ಒಳ್ಳೆಯ ಮನುಷ್ಯ. ಹೋಗುವ ಮುಂಚೆ ನನಗೆ ಹೇಳಿದರು: "ಒಂದೇ ಸಾರಿ ಆಗ್ದಿದ್ರೆ ಕಂತು ಮಾಡ್ಕೊಡಿ ಅಂತ ಒಂದು ಅರ್ಜಿ ಬರ್ಕೊಡಪ್ಪ. ಹೊಸದಾಗಿ ಕಸುಬು ಶುರು ಮಾಡ್ದೋರಿಗೆ ಕೊಡ್ತಾರೆ."

ಕಂತು ಅನ್ನುವ ಮಾತು ನನಗೆ ರುಚಿಸಲಿಲ್ಲ. ಅದು ಸಾಲಗಾರರ ಮಾತು ಅನ್ನಿಸಿತು. ನಾನು ಯಾರ ಸಾಲಗಾರನೂ ಅಲ್ಲ, ಸ್ವಂತ ಮಗ್ಗದವನು. ಅರ್ಜಿ ಬರೆಯುವವರ ಹತ್ತಿರ ಹೋದರೆ ಅವರಿಗೂ ಕಾಸು ಕೊಡಬೇಕು. ನಾಲ್ಕನೇ ಕ್ಲಾಸು ಓದಿದವನಿಗೆ ಅದೇನು ಕಷ್ಟ ಅಂತ ನಾನೇ ಕೂತು ಬರೆದೆ. ಎಂಟು ರೂಪಾಯಿಯನ್ನು ನಾಲ್ಕು ತಿಂಗಳಿಗೊಮ್ಮೆ ಮೂರು ಸಲ ಕಟ್ಟುತ್ತೇನೆ ಅನ್ನುವುದು ನನ್ನ ಮನಸ್ಸಿನಲ್ಲಿದ್ದದ್ದು. ಕಾಗದದ ಮೇಲೆ ಬಂದದ್ದು ಹೀಗೆ: "ಸದರಿ ಮಗ್ಗದ ಬಾಬ್ತು ಮೂರು ಕಂದಾಯ ಕಟ್ಟಲು ಒಪ್ಪಿರುತ್ತೇನೆ." ಸದರಿ ಅನ್ನುವ ಪದ ಹಾಕಿದ್ದಕ್ಕೆ ನನಗೆ ಬಹಳ ಹೆಮ್ಮೆಯಾಯಿತು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳಿಲ್ಲ.

ಹದಿನೈದು ದಿನಕ್ಕೆ ಬಿಲ್ ಕಲೆಕ್ಟರು ಮತ್ತೆ ಬಂದರು. ಈ ಸಲ ಒಳಗೆ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತು ಒಂದು ನೋಟೀಸು ಕೊಟ್ಟರು. ಎಂಟಲ್ಲ, ಇಪ್ಪತ್ತನಾಲ್ಕು ರೂಪಾಯಿ. ತಿಂಗಳೊಳಗೆ ಕಟ್ಟದಿದ್ದರೆ ಮಗ್ಗ ಜಪ್ತಿ.

"ಯಾಕಪ್ಪಾ ಹಂಗೆ ಬರ್ದೆ?" ಅಂದರು. ಕಚೇರಿಯ ಗುಮಾಸ್ತರು ನನ್ನ ಅರ್ಜಿಯನ್ನು ತಪ್ಪೊಪ್ಪಿಗೆ ಅಂತ ಓದಿಕೊಂಡಿದ್ದರು. ಈತ ಎರಡು ವರ್ಷದಿಂದ ಹೇಳದೆ ಕೇಳದೆ ನೇಯುತ್ತಿದ್ದಾನೆ. ಈಗ ಮನಸ್ಸು ಕರಗಿ ಹಿಂದಿನ ಎರಡು, ಈ ವರ್ಷದ್ದೊಂದು, ಒಟ್ಟು ಮೂರು ಕಂದಾಯ ಕಟ್ಟುತ್ತೇನೆ ಅಂದಿದ್ದಾನೆ ಅಂತ.

ನಾನು ಅಂಗಿಯನ್ನೂ ತೊಡದೆ ಕಚೇರಿಗೆ ಓಡಿದೆ. ಗುಮಾಸ್ತರ ಮೇಜಿನ ಮುಂದೆ ನಿಂತು ಕೂಗಾಡಿದೆ. ನಿಮಗೆ ಕನ್ನಡ ಬರುತ್ತದೆಯೇ ಅಂತ ಕೇಳಿದೆ ಅನ್ನಿಸುತ್ತದೆ, ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅವರು ನನ್ನ ಅರ್ಜಿಯನ್ನು ನನ್ನ ಕಡೆ ತಿರುಗಿಸಿ, "ಓದಪ್ಪಾ" ಅಂದರು. ಓದಿದೆ. ಅವರು ತಿಳಿದುಕೊಂಡದ್ದೇ ಸರಿಯಾಗಿ ಕಾಣುತ್ತಿತ್ತು. ಅದರಿಂದ ಇನ್ನೂ ಸಿಟ್ಟು ಬಂದು ಇನ್ನೊಂದಿಷ್ಟು ಕೂಗಿದೆ. ಜವಾನ ಬಂದು ನನ್ನ ರಟ್ಟೆ ಹಿಡಿದು ಮೆಟ್ಟಿಲಿಳಿಸಿದ.

ಮನೆಗೆ ಬಂದು ಗುಂಡಿಯ ಅಂಚಿನಲ್ಲಿ ಕುಸಿದು ಕೂತೆ. ಭಯವಾಗಿತ್ತು. ಇಪ್ಪತ್ತನಾಲ್ಕು ರೂಪಾಯಿ ಎಲ್ಲಿಂದಲೂ ಹುಟ್ಟುವ ಹಾಗಿರಲಿಲ್ಲ. ಮಗ್ಗ ಹೋದರೆ ನಾನು ಹೋಗುವುದು ಎಲ್ಲಿಗೆ ಅನ್ನುವುದು ಗೊತ್ತಿತ್ತು. ಅದೇ ಬಾಗಿಲು, ಅದೇ ಎಲೆ ಅಡಿಕೆ.

"ಏನಂತ ಬರ್ದಿದ್ದೆ?" ಅವ್ವ ಕೇಳಿದಳು. ಹೇಳಿದೆ.

"ಸರಿಯಾಗೇ ಬರ್ದಿದೀಯಲ್ಲೋ. ಮೂರು ಕಂದಾಯ ಅಂದ್ರೆ ಮೂರು ಕಂದಾಯ. ಅದ್ರಲ್ಲಿ ಅರ್ಥ ಆಗದೇ ಇರೋದೇನೈತೆ?"

ಅವ್ವನಿಗೆ ಇನ್ನೊಂದು ಅರ್ಥ ಹೊಳೆಯಲೇ ಇಲ್ಲ. ದೇವರ ಗೂಡಿನಿಂದ ಪಂಚಾಂಗ ತೆಗೆದು ಸೆರಗಿನಲ್ಲಿ ಸುತ್ತಿಕೊಂಡು ಹೊರಟಳು. ನಾನು ಅಂಗಿ ತೊಟ್ಟು ಹತ್ತು ಹೆಜ್ಜೆ ಹಿಂದೆ, ಅವಳ ಮಗನಲ್ಲ ಅನ್ನುವ ಹಾಗೆ ನಡೆದೆ.

ಗುಮಾಸ್ತರನ್ನು ದಾಟಿ ಅವ್ವ ನೇರ ಅಧಿಕಾರಿಗಳ ಕೋಣೆಗೆ ಹೋದಳು. ಅವರು ಬೇರೆ ಊರಿನಿಂದ ಹೊಸದಾಗಿ ಬಂದವರು. ಬಹಳ ಕಟ್ಟುನಿಟ್ಟು, ಒಂದು ಬಾಳೆಹಣ್ಣು ತಂದರೂ ಮುಟ್ಟುವುದಿಲ್ಲ, ಒಂದು ಕಾಸೂ ಬಿಡುವುದಿಲ್ಲ ಅಂತ ಪೇಟೆಯಲ್ಲಿ ಮಾತಿತ್ತು. ಗುಮಾಸ್ತರು ನನ್ನ ಅರ್ಜಿಯನ್ನು ಹಿಡಿದು ನಮ್ಮ ಹಿಂದೆಯೇ ಬಂದು, ನಡೆದದ್ದನ್ನೆಲ್ಲ, ನನ್ನ ಕೂಗಾಟವನ್ನೂ ಸೇರಿಸಿ, ವರದಿ ಒಪ್ಪಿಸಿದರು. ಅವ್ವ ಪಂಚಾಂಗವನ್ನು ಮೇಜಿನ ಮೇಲಿಟ್ಟಳು.

"ನಾನು ಓದಿದೋಳಲ್ಲ ಬುದ್ಧಿ. ಈ ಪುಸ್ತಕದಲ್ಲಿ ಒಂದು ವರ್ಷಕ್ಕೆ ಎಷ್ಟು ಕಂದಾಯ ಬರ್ದವ್ರೆ, ನೀವೇ ನೋಡಿ. ನನ್ ಮಗ ಅದನ್ನೇ ಬರ್ದವ್ನೆ. ಅವನು ಗುಂಡಿ ತೋಡಿ ಇನ್ನೂ ಮೂರು ತಿಂಗಳಾಗಿಲ್ಲ. ಮೂರು ವರ್ಷದ್ದು ಎಲ್ಲಿಂದ ಬಂತು?"

ಅಧಿಕಾರಿಗಳು ಪಂಚಾಂಗ ತೆರೆದು ಕಂದಾಯ ಫಲದ ಹಾಳೆ ಹುಡುಕಿದರು. ಅರ್ಜಿಯನ್ನು ನೋಡಿದರು. ಮತ್ತೆ ಪಂಚಾಂಗ ನೋಡಿದರು. ಹೊರಗೆ ನಿಂತಿದ್ದ ಬಿಲ್ ಕಲೆಕ್ಟರನ್ನು ಕರೆದು, ಮಗ್ಗ ಯಾವಾಗ ಹಾಕಿದ್ದು ಅಂತ ಕೇಳಿದರು. ಈ ವರ್ಷವೇ, ನಾನೇ ನೋಡಿದ್ದೇನೆ ಅಂದರು ಅವರು. ಅಧಿಕಾರಿಗಳು ಕೆಂಪು ಮಸಿಯಲ್ಲಿ ಇಪ್ಪತ್ತನಾಲ್ಕನ್ನು ಹೊಡೆದು ಎಂಟು ಅಂತ ಬರೆದರು. ನನಗೆ ಅಲ್ಲೇ ಕೂತುಬಿಡೋಣ ಅನ್ನಿಸುವಷ್ಟು ಸಮಾಧಾನವಾಯಿತು.

"ಮೂರು ಕಂತಾದರೆ ಒಂದಕ್ಕೆ ಎರಡು ರೂಪಾಯಿ ಹತ್ತಾಣೆ ಎಂಟು ಕಾಸು, ಸಾರ್" ಅಂದರು ಗುಮಾಸ್ತರು. ಲೆಕ್ಕದಲ್ಲಿ ಅವರು ಚುರುಕು.

ನಾನು ಆಗಲಿ ಅನ್ನಲು ಬಾಯಿ ತೆರೆದೆ. ಅವ್ವ ಬಿಡಲಿಲ್ಲ. "ನಡುವಿನ ಕಂದಾಯದಲ್ಲಿ ಇವನ ಕೈಲಿ ಆಗಲ್ಲ ಬುದ್ಧಿ. ಸೊನ್ನೆ ಐತೆ."

ಗುಮಾಸ್ತರು ಕೆಮ್ಮಿದರು. ಇಷ್ಟು ಹೊತ್ತು ಗೆದ್ದುಕೊಂಡು ಬಂದಿದ್ದನ್ನು ಅವ್ವ ಒಂದೇ ಮಾತಿನಲ್ಲಿ ನೀರಿಗೆ ಹಾಕಿದಳು ಅಂತ ನಾನು ತಲೆ ತಗ್ಗಿಸಿ ನೆಲ ನೋಡತೊಡಗಿದೆ. ಸರ್ಕಾರದ ತೆರಿಗೆಗೆ ನಕ್ಷತ್ರ ಕೇಳುವವರು ಯಾರಾದರೂ ಇದ್ದಾರೆಯೇ?

"ನೂಲು ಸಿಗುತ್ತಿದೆಯೇನಪ್ಪಾ?" ಅಧಿಕಾರಿಗಳು ನನ್ನನ್ನು ಕೇಳಿದರು.

"ಈಗ ಸಿಗ್ತಾ ಇದೆ ಸ್ವಾಮಿ. ಯುದ್ಧ ಅಂತ ಮುಂದೆ ಚೀಟಿ ಮೇಲೆ ಅಳೆದು ಕೊಡ್ತಾರಂತೆ. ಆಮೇಲೆ ಹೆಂಗೋ ಗೊತ್ತಿಲ್ಲ."

ಅವರು ಪಂಚಾಂಗವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಅವ್ವನ ಕಡೆ ತಿರುಗಿದರು.

"ನಕ್ಷತ್ರ ಯಾವುದಮ್ಮ?"

"ಪುಬ್ಬೆ, ಬುದ್ಧಿ."

ಬೆರಳನ್ನು ಹಾಳೆಯ ಮೇಲೆ ಇಳಿಸುತ್ತಾ ಬಂದು ಒಂದು ಕಡೆ ನಿಲ್ಲಿಸಿದರು. ನನ್ನನ್ನು ಒಮ್ಮೆ ನೋಡಿದರು, ನೋಟೀಸನ್ನು ಒಮ್ಮೆ ನೋಡಿದರು. ಆಮೇಲೆ ಶಾಲೆಯ ಮೇಷ್ಟರ ಹಾಗೆ ಗಟ್ಟಿಯಾಗಿ ಓದಿದರು. "ಐದು. ಸೊನ್ನೆ. ಮೂರು. ಒಟ್ಟು ಎಷ್ಟಾಯಿತು, ಗುಮಾಸ್ತರೇ?"

"ಎಂಟು, ಸಾರ್."

"ತೆರಿಗೆ ಎಷ್ಟು?"

"ಎಂಟು, ಸಾರ್" ಅಂದರು ಗುಮಾಸ್ತರು. ದೇವರ ಮುಂದೆ ನಿಂತವರ ಹಾಗೆ ಅವರ ಕೈ ತಾನಾಗಿಯೇ ಕೆನ್ನೆಗೆ ಹೋಯಿತು.

"ಪಂಚಾಂಗದವರೇ ಕಂತು ಮಾಡಿಕೊಟ್ಟಿದ್ದಾರೆ. ಹಾಗೇ ಬರೆಯಿರಿ." ಗುಮಾಸ್ತರು ಬಗ್ಗಿ ನೋಡುವಷ್ಟರಲ್ಲಿ ಅವರು ಪಂಚಾಂಗ ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ಅವ್ವನಿಗೆ ಕೊಟ್ಟರು. ಅವ್ವ ಅದನ್ನು ಕಣ್ಣಿಗೊತ್ತಿಕೊಂಡು ಕೈ ಮುಗಿದಳು. ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಅವಳಿಗೆ ಅದು ಹೊಸದು, ಆದರೆ ನಾನು ನನ್ನ ಸಂತೋಷದಲ್ಲಿದ್ದೆ.

ವೈಶಾಖ ಜ್ಯೇಷ್ಠದಲ್ಲಿ ಮದುವೆಗಳಿದ್ದವು, ಸೀರೆ ಹೋದವು. ಆಷಾಢ ಮುಗಿಯುವುದರೊಳಗೆ ಐದು ರೂಪಾಯಿ ಕಟ್ಟಿದೆ. ಶ್ರಾವಣ ಕಳೆಯುತ್ತಲೇ ನೂಲಿಗೆ ಚೀಟಿ ಬಂತು. ಚೀಟಿ ಬಂತು, ನೂಲು ಬರಲಿಲ್ಲ. ಹಬ್ಬದ ವ್ಯಾಪಾರದ ದಿನಗಳಲ್ಲಿ ನನ್ನ ಮಗ್ಗ ಬರಿದಾಗಿ ನಿಂತಿತು. ಗುಂಡಿಯಲ್ಲಿ ಕಾಲು ಇಳಿಬಿಟ್ಟು ಸುಮ್ಮನೆ ಕೂರುತ್ತಿದ್ದೆ. ಅವ್ವ ನೂಲಿಲ್ಲದ ರಾಟೆಯನ್ನು ಒರೆಸಿ ಒರೆಸಿ ಇಡುತ್ತಿದ್ದಳು.

ಹೀಗಿರುವಾಗ ಸಾಹುಕಾರರಿಂದ ಮಾತು ಬಂತು. "ನೂಲು ನನ್ ಹತ್ರ ಐತೆ. ಬರೋದಾದ್ರೆ ಬರ್ಲಿ, ಹಳೇದು ಮನಸ್ಸಲ್ಲಿ ಇಟ್ಕೊಂಡಿಲ್ಲ" ಅಂದಿದ್ದರಂತೆ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಅದು ನನಗೂ ಗೊತ್ತಿತ್ತು. ಅದಕ್ಕೇ ಕಷ್ಟವಾಯಿತು. ಅಂಗಿ ತೊಟ್ಟುಕೊಂಡು ಅವರ ಬೀದಿಯ ಮೂಲೆಯ ತನಕ ಹೋದೆ. ಅಲ್ಲಿ ನಿಂತು ಯೋಚಿಸಿದೆ. ರಾಗಿ ಅಣ್ಣನ ಮನೆಯಿಂದ ಬರುತ್ತಿತ್ತು. ಬಾಡಿಗೆಗೆ ಯಜಮಾನರು ತಡೆದುಕೊಳ್ಳುತ್ತೇನೆ ಅಂದಿದ್ದರು. ತಡೆಯದೇ ಇರುವುದು ಪುರಸಭೆಯೊಂದೇ, ಅಲ್ಲಿ ನನ್ನ ಹೆಸರಿನ ಮುಂದೆ ಸೊನ್ನೆ ಅಂತ ಬರೆದಿತ್ತು. ಆ ತಿಂಗಳು ಎರಡು ರೂಪಾಯಿ ಹತ್ತಾಣೆ ಎಂಟು ಕಾಸು ಕಟ್ಟಬೇಕಾಗಿದ್ದರೆ ನಾನು ಆ ಮೂಲೆಯನ್ನು ದಾಟುತ್ತಿದ್ದೆ. ಅದರಲ್ಲಿ ಅನುಮಾನವಿಲ್ಲ.

ವಾಪಸು ಬಂದು ರಾಜಘಟ್ಟಕ್ಕೆ ಹೋದೆ. ಅಣ್ಣನ ಹೊಲದಲ್ಲಿ ಕಳೆ ತೆಗೆದೆ, ಆಮೇಲೆ ರಾಗಿ ಕೊಯ್ಲಿಗೂ ನಿಂತೆ. ಮಾರ್ಗಶಿರದಲ್ಲಿ ನೂಲು ಬಂತು. ಮಾಘದಲ್ಲಿ ಉಳಿದ ಮೂರು ರೂಪಾಯಿ ಕಟ್ಟಿದೆ. ರಸೀದಿ ಕೊಡುವಾಗ ಗುಮಾಸ್ತರು ಮೆಲ್ಲಗೆ ತಮ್ಮ ಮಗಳ ನಕ್ಷತ್ರದ ವಿಷಯ ಅವ್ವನನ್ನು ಕೇಳಬಹುದೇ ಅಂದರು. ನಾನು ಅವರ ಕ್ಷಮೆ ಕೇಳಿದೆ. ಯಾವುದಕ್ಕೆ ಅಂತ ಅವರಿಗೆ ನೆನಪೂ ಇರಲಿಲ್ಲ, ಅಥವಾ ಇಲ್ಲದವರ ಹಾಗೆ ನಟಿಸಿದರು.

ಬರುವಾಗ ದಾರಿಯಲ್ಲಿ ಸಾಹುಕಾರರು ಸಿಕ್ಕಿದರು. "ಮೂರು ಕಂದಾಯ ಆಯ್ತಲ್ಲೋ. ಅಂಚು ಹೆಂಗ್ ಬರ್ತಾ ಐತೆ?" ಅಂದರು. ಎಳೆ ತಪ್ಪುತ್ತಿಲ್ಲ ಅಂದೆ. ತಲೆಯಾಡಿಸಿ ಮುಂದೆ ಹೋದರು.

ನಾಲ್ಕು ವರ್ಷದ ಮೇಲೆ ಎರಡನೆಯ ಮಗ್ಗಕ್ಕೆ ಜಾಗ ಬೇಕಾಗಿ ದೊಡ್ಡ ಮನೆಗೆ ಹೊರಟೆವು. ಸಾಮಾನು ಕಟ್ಟುವಾಗ ದೇವರ ಗೂಡಿನಿಂದ ಹಳೆಯ ಪಂಚಾಂಗಗಳ ಕಟ್ಟು ಇಳಿಯಿತು. ಒಂದರೊಳಗೆ ನನ್ನ ಎರಡು ರಸೀದಿಗಳಿದ್ದವು, ಐದರದ್ದೊಂದು, ಮೂರರದ್ದೊಂದು. ಅವ್ವ ಬೇರೆ ಯಾರನ್ನೋ ಕೇಳಿ ಅವುಗಳನ್ನು ಕಂದಾಯ ಫಲದ ಹಾಳೆಯಲ್ಲೇ ಇಡಿಸಿದ್ದಳು. ರಸೀದಿ ಎತ್ತಿಕೊಂಡಾಗ ಕೆಳಗಿನ ಸಾಲು ಕಾಣಿಸಿತು. ಪುಬ್ಬೆ. ೨ ೦ ೪.

ಕಣ್ಣುಜ್ಜಿಕೊಂಡು ಮತ್ತೆ ಓದಿದೆ. ಮೇಲಿನ ಮಖೆ ನೋಡಿದೆ, ಕೆಳಗಿನ ಉತ್ತರೆ ನೋಡಿದೆ. ಇಪ್ಪತ್ತೇಳು ನಕ್ಷತ್ರಗಳನ್ನೂ ನೋಡಿದೆ. ಐದು, ಸೊನ್ನೆ, ಮೂರು ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ.

ಒಂದು ಕಾಸೂ ಬಿಡದ ಮನುಷ್ಯ ಅಂತ ಪೇಟೆಯವರು ಹೇಳುತ್ತಿದ್ದದ್ದು ಸುಳ್ಳಲ್ಲ. ಎಂಟು ರೂಪಾಯಿಯಲ್ಲಿ ಅವರು ಒಂದು ಕಾಸೂ ಬಿಟ್ಟಿರಲಿಲ್ಲ. ನಾನು ತಪ್ಪು ಬರೆದು ಕೆಡಿಸಿಕೊಂಡಿದ್ದನ್ನು ಅವರು ತಪ್ಪು ಓದಿ ಸರಿ ಮಾಡಿದ್ದರು. ಓದುವುದು ಓದಿದರು, ಎರಡು ಬೆಸ ಅಂಕಿ ಹಾಕಿ ಲಾಭವನ್ನೂ ಸೇರಿಸಿ ಓದಿದ್ದರು. ಅಷ್ಟು ಹೊತ್ತಿಗೆ ಅವರಿಗೆ ವರ್ಗವಾಗಿ ಎರಡು ವರ್ಷವಾಗಿತ್ತು, ಯಾವ ಊರಿಗೆ ಅಂತ ನಾನು ಕೇಳಿಯೂ ಇರಲಿಲ್ಲ. ಅವರ ಕೋಣೆಯಲ್ಲಿ ನೆಲ ನೋಡುತ್ತಾ ನಿಂತಿದ್ದೆನಲ್ಲ, ಮುಖವನ್ನಾದರೂ ಸರಿಯಾಗಿ ನೋಡಬೇಕಿತ್ತು ಅಂತ ದುಃಖವಾಯಿತು.

ಅವ್ವ ಗುಂಡಿ ಮುಚ್ಚಲು ಬುಟ್ಟಿಯಲ್ಲಿ ಮಣ್ಣು ತಂದು ಸುರಿಯುತ್ತಿದ್ದಳು. ಪಂಚಾಂಗ ಹಿಡಿದುಕೊಂಡು ಹೋಗಿ ಹೇಳಿದೆ. "ಅವ್ವ, ಇದ್ರಲ್ಲಿ ಇರೋದೇ ಬೇರೆ. ಅವತ್ತು ಸಾಹೇಬ್ರು ಓದಿದ್ದೇ ಬೇರೆ."

"ಎರಡು, ಸೊನ್ನೆ, ನಾಲ್ಕು" ಅಂದಳು ಅವ್ವ, ತಲೆಯೆತ್ತದೆ. "ಯುಗಾದಿ ದಿನಾನೇ ನಿಂಗೆ ಹೇಳಿದ್ನಲ್ಲ. ನೀನು ಎಲ್ಲಿ ಕೇಳಿಸ್ಕೊಂಡೆ?"

"ಗೊತ್ತಿದ್ದೂ ಅವತ್ತು ಯಾಕೆ ಸುಮ್ಕಿದ್ದೆ?"

"ನಮಗೋಸ್ಕರ ತಪ್ಪು ಓದೋರು ಎಷ್ಟು ಜನ ಸಿಗ್ತಾರೋ? ತಿದ್ದೋಕೆ ನಾನ್ಯಾರು?" ಬರಿದಾದ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಳು. "ಮಣ್ಣು ತಗೊಂಬಾ, ಇನ್ನೂ ಮೊಳಕಾಲುದ್ದ ಐತೆ."